ಹಳ್ಳದ ಕಡೆಯ ಕೆಂಪು

"ನಿಮ್ಮ ಹೊಲಕ್ಕ ಹಸಿರ್ ಹಚ್ಚೀಯಲ್ಲ! ಅದು ಹಳ್ಳದ ಮಗ್ಗಲದಾಗ ಅದ," ಸ್ವಪ್ನಿಲ್ ನಕಾಶೆಯ ಮೇಲೆ ಬಗ್ಗಿದ.

"ನಿಂದ ನೀ ನೋಡ್ಕೊ," ಎಂದು ಅನುಜಾ ಮೊಣಕೈ ಅಡ್ಡ ಇಟ್ಟಳು.

ದೌಂಡ ಪಟ್ಟಣದ ಹತ್ತಿರದ ಆ ಊರಿನ ಶಾಲೆಯಲ್ಲಿ ಪಾಠವೆಲ್ಲ ಮರಾಠಿಯಲ್ಲಿ. ಅನುಜಾ ಮತ್ತು ಅವಳ ಚಿಕ್ಕಪ್ಪನ ಮಗ ಸ್ವಪ್ನಿಲ್ ಮಾತ್ರ ತಮ್ಮೊಳಗೆ ಕನ್ನಡ ಆಡುತ್ತಿದ್ದರು. ಐದನೆಯ ತರಗತಿಯ ಮಕ್ಕಳು ಸೇರಿ ಊರಿನ ಹೊಲಗಳ ನಕಾಶೆ ಬರೆದಿದ್ದರು. ಮಳೆ ಬಂದರೆ ಬೆಳೆ ಕೆಡುವ ಹೊಲಕ್ಕೆ ಕೆಂಪು, ಕೆಡದ ಹೊಲಕ್ಕೆ ಹಸಿರು ಎಂದು ಸರ್ ಹೇಳಿದ್ದರು.

ಅನುಜಾಳಿಗೆ ಕೆಂಪು ಕಂಡರಾಗದು. ಅವಳ ಗಣಿತದ ಪೇಪರಿನ ಮೇಲೆ ಹನ್ನೊಂದು ಮಾರ್ಕು ಕೆಂಪು ಶಾಯಿಯಲ್ಲೇ ಇತ್ತು. ಅಜ್ಜಿಯ ಹೊಲಕ್ಕೂ ಅದೇ ಬಣ್ಣವೇ?

ಸಂಜೆ ಅವಳು ಹೊಲಕ್ಕೆ ಹೋದಾಗ ಅಜ್ಜಿ ಗೌರಾಬಾಯಿ ಕಿತ್ತ ಉಳ್ಳಾಗಡ್ಡಿಯನ್ನು ಸಾಲಾಗಿ ಒಣಹಾಕುತ್ತಿದ್ದಳು. ಒಂದು ಸಾಲಿನ ಗಡ್ಡೆಯ ಮೇಲೆ ಮುಂದಿನ ಸಾಲಿನ ಸೊಪ್ಪು ಬರಬೇಕು. ಇಲ್ಲದಿದ್ದರೆ ಬಿಸಿಲಿಗೆ ಗಡ್ಡೆ ಸುಡುತ್ತದೆ.

"ನಾಡಿದ್ದ ಮಳಿ ಬರ್ತದಂತ ಮೊಬೈಲ್‌ನ್ಯಾಗ ಬಂದದ," ಅಜ್ಜಿ ಸೊಂಟ ನೆಟ್ಟಗೆ ಮಾಡಿಕೊಂಡಳು. "ಪಂಚಾಯತ್ಯಾಗ ಬೆಳಿ ಮುಚ್ಚಾಕ ಹತ್ತ ತಾಡಪತ್ರಿ ಅದಾವ. ನಾಳಿಗೆ ನಿಮ್ಮ ಸಾಲಿ ನಕಾಶಾ ನೋಡಿ, ಕೆಂಪ್ ಇದ್ದ ಹೊಲಕ್ಕ ಮೊದ್ಲ ಕೊಡ್ತಾರಂತ. ನಮ್ದು ಹಳ್ಳದ ಮಗ್ಗಲದಾಗ ಅದ, ಕೆಂಪ್ ಇದ್ದೇ ಇರ್ತದ. ಚಿಂತಿಲ್ಲ ಬಿಡು."

ಅನುಜಾ ಕೈಯಲ್ಲಿದ್ದ ಗಡ್ಡೆಯ ಮಣ್ಣು ಉಜ್ಜಿದಳು. ಉಜ್ಜುತ್ತಲೇ ಇದ್ದಳು.

"ಅಜ್ಜಿ, ನಾ ಹಸಿರ್ ಹಚ್ಚೀನಿ."

"ಯಾಕವಾ?"

"ಕೆಂಪ್ ಹಚ್ಚಿದ್ರ ಫೇಲ್ ಆದಂಗ ಕಾಣ್ತದ."

"ಹೊಲ ಯಾವ ಪರೀಕ್ಷಾ ಬರದಿತ್ತ, ಫೇಲ್ ಆಗಾಕ?" ಅಜ್ಜಿ ನಕ್ಕಳು. ಆಮೇಲೆ ಒಣಗಲು ಬಿದ್ದ ಉಳ್ಳಾಗಡ್ಡಿಯ ಕಡೆ ನೋಡಿದಳು.

ಹಳ್ಳದ ದಂಡೆಯ ಜಾಲಿಮರದ ಬಳಿಗೆ ಅವಳನ್ನು ಕರೆದೊಯ್ದಳು. ಬೊಡ್ಡೆಯ ಮೇಲೆ ಒಣಮಣ್ಣಿನ ಗೆರೆ ಇತ್ತು. ಅನುಜಾಳ ಸೊಂಟದಷ್ಟು ಎತ್ತರ.

"ಹ್ವಾದ ವರ್ಷ ನೀರು ಇಲ್ಲಿತನಕ ಬಂದಿತ್ತು. ಮ್ಯಾಲಿನ ನಾಕ ಸಾಲಿಗೆ ಮಾತ್ರ ಎಂದೂ ಏನೂ ಆಗಿಲ್ಲ."

ಅನುಜಾ ಸಾಲುಗಳನ್ನು ಒಂದೊಂದಾಗಿ ಎಣಿಸಿದಳು. ಒಟ್ಟು ಹದಿನಾರು; ಕೆಳಗಿನ ಹನ್ನೆರಡು ಹಳ್ಳದ ಕಡೆಗೆ.

ಮರುದಿನ ಬೆಳಿಗ್ಗೆ ಪಂಚಾಯತಿಗೆ ಒಯ್ಯಲು ಸರ್ ನಕಾಶೆ ಸುತ್ತುತ್ತಿದ್ದಾಗ ಅವಳು ಓಡಿಹೋಗಿ ತಡೆದಳು. ತಿದ್ದಬೇಕು ಎಂದಳು. ಏಕೆಂದು ಅವರು ಕೇಳಿದರು. ಜಾಲಿಮರದ ಗೆರೆಯ ವಿಷಯ ಹೇಳಿ, ಕೈಯನ್ನು ಸೊಂಟಕ್ಕೆ ಇಟ್ಟು ತೋರಿಸಿದಳು. ಸರ್ ನಕಾಶೆ ಬಿಚ್ಚಿದರು.

"ಅನುಜಾನ ಹೊಲ ಫೇಲ್!" ಹಿಂದಿನಿಂದ ಸ್ವಪ್ನಿಲ್ ಕೂಗಿದ.

ಅವಳು ತಿರುಗಿ ನೋಡಲಿಲ್ಲ. ಹಸಿರಿನ ಮೇಲೆ ಕೆಂಪು ಸರಿಯಾಗಿ ಹತ್ತಲಿಲ್ಲ, ಕಂದು ಬಣ್ಣವಾಯಿತು. ಕ್ರೇಯಾನ್ ಒತ್ತಿ ಒತ್ತಿ, ಹಳ್ಳದಿಂದ ಮೇಲಕ್ಕೆ ಮತ್ತೆ ಬಳಿಯುತ್ತ ಬಂದಳು. ಮೇಲಿನ ನಾಲ್ಕು ಸಾಲಿನಷ್ಟು ಜಾಗ ಉಳಿದಾಗ ಕೈ ನಿಲ್ಲಿಸಿದಳು. ಅಷ್ಟು ಹಸಿರಾಗಿಯೇ ಉಳಿಯಿತು.

ಸ್ವಪ್ನಿಲ್ ಪಕ್ಕಕ್ಕೆ ಬಂದು ನಿಂತ. ತಮ್ಮ ಹೊಲದ ಪೂರ್ತಿ ಹಸಿರಿನ ಮೇಲೆ ಬೆರಳಿಟ್ಟು ಮೆಲ್ಲಗೆ ಅಂದ, "ನಮ್ದೂ ಬಾವಿ ಕಡೆ ಮೂಲ್ಯಾಗ ನೀರ್ ನಿಲ್ತದ."

ಅನುಜಾ ನಗಲಿಲ್ಲ. ಕೆಂಪು ಕ್ರೇಯಾನನ್ನು ಅವನ ಕಡೆ ಸರಿಸಿದಳು.