ಬಾನಿಗೊಂದು ಸುಳ್ಳು

"ಕೈ ತೆಗಿ! ತೆಗಿ ಅಂದ್ರ ತೆಗಿಬೇಕು!"

ಖತೀಜಾಬಿ ಕೂಗುವಷ್ಟರಲ್ಲಿ ಸಿದ್ದವ್ವನ ಎಡಗೈ ಮೊಣಕೈತನಕ ಬಾನಿಯೊಳಗೆ ಇಳಿದಾಗಿತ್ತು. ಗಾಬರಿಯಾಗಿ ಎಳೆದುಕೊಂಡಳು. ಕೈ ಹಸಿರಾಗಿತ್ತು. ನೋಡನೋಡುತ್ತಿದ್ದಂತೆ ಗಾಳಿ ತಾಗಿ ನೀಲಿಯಾಯಿತು.

"ಅಯ್ಯ ನಮ್ಮವ್ವ! ಇದು ಹೋಗೂದಿಲ್ಲೇನ?"

"ಹೋಗತೈತಿ," ಎಂದು ಚಮನಬಿ ನಕ್ಕಳು. "ಮುಂದಿನ ಅಮಾಸಿಗೆ."

ಚಮನಬಿ ಸಿದ್ದವ್ವನ ಗೆಳತಿ, ಖತೀಜಾಬಿಯ ಮೊಮ್ಮಗಳು. ಅವರ ಮನೆ ಕೊಣ್ಣೂರಿನ ಹೊಳೆ ಓಣಿಯಲ್ಲಿತ್ತು. ಮಲಪ್ರಭೆಯ ದಂಡೆಗೇ ಅಂಟಿಕೊಂಡ ಓಣಿ ಅದು. ನರಗುಂದದಲ್ಲಿ ಇನ್ನೂ ಅರಸರಿದ್ದ ಕಾಲ. ಕೊಣ್ಣೂರಿಗೆ ಸೇತುವೆ ಎಲ್ಲಿಂದ ಬರಬೇಕು? ಹೊಳೆ ದಾಟಬೇಕೆಂದರೆ ಹರಗೋಲೇ ಗತಿ. ಆ ಓಣಿಯವರೆಲ್ಲ ನೂಲಿಗೆ ನೀಲಿ ಬಣ್ಣ ಹಾಕುವವರು. ಅಂಗಳದ ತುಂಬ ಕುತ್ತಿಗೆತನಕ ನೆಲದಲ್ಲಿ ಹುಗಿದ ದೊಡ್ಡ ಮಣ್ಣಿನ ಬಾನಿಗಳು, ಬಾನಿಗಳ ತುಂಬ ನೀಲಿ. ಅದರ ನಾತ ಮಾತ್ರ ಕೇಳಬೇಡಿ! "ಬಾನಿ ಹತ್ತರ ಹೋದ್ರ ಕಾಲು ಮುರೀತೀನಿ" ಎಂದು ಸಿದ್ದವ್ವನ ಅಪ್ಪ ಹೇಳಿ ಹೇಳಿ ಸಾಕಾಗಿದ್ದ.

ಆದರೆ ಇವತ್ತು ಅವಳ ಹತ್ತಿರ ಸುದ್ದಿಯಿತ್ತು. ಹೇಳದೆ ಹೇಗಿರುವುದು?

"ಏ ಚಮನಾ, ನೀವೆಲ್ಲಾ ಮ್ಯಾಲ ಬರಾವ್ರಂತ! ನಮ್ಮ ಹಿತ್ತಲ ಹಿಂದನ ಜಾಗಾ ಕೊಡತಾರಂತ. ಇನ್ನ ಒಡ್ಡು ಕಟ್ಟೂದಿಲ್ಲಂತ. ನಿನ್ನಿ ಚಾವಡ್ಯಾಗ ನಮ್ಮಪ್ಪ ಹೇಳಿದಾ."

ಸಿದ್ದವ್ವನ ಅಪ್ಪ ಕಳಕಪ್ಪ ಊರ ಗೌಡ, ಮನೆ ದಿಬ್ಬದ ಮೇಲಿನ ಓಣಿಯಲ್ಲಿ. ಮಳೆಗಾಲಕ್ಕೆ ಮುಂಚೆ ಮನೆಗೊಬ್ಬರಂತೆ ಇಡೀ ಊರು ಬಂದು ಹೊಳೆ ಓಣಿಗೆ ಮಣ್ಣಿನ ಒಡ್ಡು ಹಾಕಿಕೊಡುವುದು ಹಿಂದಿನಿಂದ ಬಂದ ವಾಡಿಕೆ. ಈ ಸಲ ಮೇಲಿನ ಓಣಿಯವರು ಅರ್ಧ ಹಾಕಿ ಕೈಬಿಟ್ಟಿದ್ದರು.

ಚಮನಬಿಯ ನಗು ಹಾರಿಹೋಯಿತು. "ಬಾನಿ ಹ್ಯಾಂಗ ತರೂದು? ಕಿತ್ತರ ಒಡೀತಾವ."

"ಹೊಸಾವು ಹುಗೀರಿ."

"ನೂಲು ಎಲ್ಲಿ ತೊಳೀಬೇಕು? ನಿಮ್ಮ ಹಿತ್ತಲದಾಗ ಹೊಳಿ ಐತೇನ? ನಿಮ್ಮವ್ವನ ಸೀರಿ ನೀಲಿ ಆಗಿದ್ದು ಎಲ್ಲೆ, ಹೇಳು?"

ಖುಷಿಯ ಸುದ್ದಿ ತಂದರೆ ಹೀಗಾ? ಸಿದ್ದವ್ವನಿಗೂ ಸಿಟ್ಟು ಬಂತು. "ಹೊಳಿ ಬಂದಾಗ ಗೊತ್ತಾಗತೈತಿ! ನಾವು ಕಟ್ಟೂದು, ಹೊಳಿ ಒಯ್ಯೂದು. ತೂತಿನ ಕೊಡಕ್ಕ ನೀರು ತುಂಬಿದಂಗ ಅಂತಾನ ನಮ್ಮಪ್ಪ."

"ಹೋಗು ಹಂಗಾರ. ನಿಮ್ಮಪ್ಪನ ಕಡೇನ ಇರು!"

ಖತೀಜಾಬಿ ಕೋಲಿನಿಂದ ಬಾನಿ ತಿರುವುತ್ತಲೇ ಇದ್ದಳು. "ನಿಮ್ಮಪ್ಪ ಹೇಳೂದೂ ಸುಳ್ಳಲ್ಲ ತಂಗಿ," ಎಂದಳು. "ಹೊಳಿಗೆ ಬೈಕೊಂತ ಹೊಳಿ ನೀರ ಕುಡ್ಯಾವ್ರು ನಾವು."

ಸಿದ್ದವ್ವ ನೀಲಿ ಕೈಯನ್ನು ಉಟ್ಟ ಪರಕಾರದ ನಿರಿಗೆಯಲ್ಲಿ ಮುಚ್ಚಿಕೊಂಡು ಮನೆಗೆ ಹೋದಳು. ಊಟದ ಹೊತ್ತಿನಲ್ಲೂ ಹೊರಗೆ ತೆಗೆಯಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಬಾನಿಯ ನೀಲಿ ಒಮ್ಮೊಮ್ಮೆ ಮುನಿಸಿಕೊಂಡು ಕೆಟ್ಟುಬಿಡುತ್ತದೆ. ಎಷ್ಟು ಅದ್ದಿದರೂ ಬಣ್ಣ ಹಿಡಿಯುವುದಿಲ್ಲ. ಆಗ ಊರಲ್ಲಿ ಒಂದು ದೊಡ್ಡ ಸುಳ್ಳು ಹಬ್ಬಿಸಬೇಕು, ಜನ ಅದನ್ನು ನಂಬಿದರೆ ಬಾನಿ ಸುಧಾರಿಸುತ್ತದೆ ಎಂದು ಆ ಓಣಿಯವರ ನಂಬಿಕೆ. ಹೋದ ವರ್ಷ ಖತೀಜಾಬಿ "ನರಗುಂದದಾಗ ಎಮ್ಮಿ ಆನಿಮರಿ ಹಾಕೈತಿ" ಎಂದುಬಿಟ್ಟಿದ್ದಳು. ಅದನ್ನು ನೋಡಲು ಮೊದಲು ಬಂಡಿ ಹೂಡಿದವನು ಯಾರು ಅಂತೀರಿ? ಕಳಕಪ್ಪ ಗೌಡನೇ! ಅಂದಿನಿಂದ ಆ ಓಣಿಯವರು ಬಾಯಿ ತೆರೆದರೆ ಸಾಕು, ಊರವರು "ಬಾನಿ ಕೆಟ್ಟಿತೇನ?" ಎನ್ನುತ್ತಿದ್ದರು.

ಮಧ್ಯಾಹ್ನ ಸಿದ್ದವ್ವ ಅಪ್ಪನಿಗೆ ಮಜ್ಜಿಗೆ ತೆಗೆದುಕೊಂಡು ಚಾವಡಿಗೆ ಹೋದಳು. ಹೊರಗೆ ಒಳ್ಳೆ ಬಿಸಿಲು. ಅಷ್ಟರಲ್ಲಿ ಚಮನಬಿ ಏದುಸಿರು ಬಿಡುತ್ತ ಓಡಿಬಂದಳು.

"ಒಡ್ಡು ಬಾಯಿ ಬಿಟ್ಟೈತ್ರಿ! ಹೊಳಿ ಏರಾಕತ್ತೈತಿ! ಲಗೂ ಬರ್ರಿ!"

ಕಟ್ಟೆಯ ಮೇಲಿದ್ದವರು ಆಕಾಶ ನೋಡಿದರು. ಸಿದ್ದವ್ವನ ಕಾಕಾ ಹೂವಪ್ಪ ಮೀಸೆ ತಿರುವಿದ. "ಮಳೀನ ಇಲ್ಲ, ಹೊಳಿ ಎಲ್ಲಿಂದ ಬಂತವಾ? ಬಾನಿ ಕೆಟ್ಟಿತೇನ?"

ಎಲ್ಲರೂ ಹೋ ಎಂದು ನಕ್ಕರು.

"ಖರೇನ್ರಿ! ಮ್ಯಾಲ ಘಟ್ಟದಾಗ ಮಳಿ ಆಗಿರಬೇಕ್ರಿ! ಅಲ್ಲಾನ ಆಣಿ!"

"ಆನಿಮರಿನೂ ಖರೇನ ಇತ್ತಲ್ಲ," ಎಂದ ಕಳಕಪ್ಪ. ಅವನೊಬ್ಬ ನಗುತ್ತಿರಲಿಲ್ಲ.

ಚಮನಬಿಯ ಕಣ್ಣಲ್ಲಿ ನೀರು ಬಂತು. ಅವಳು ಸಿದ್ದವ್ವನ ಕಡೆ ನೋಡಿದಳು. ಸಿದ್ದವ್ವ ಕೈ ಹೊರಗೆ ತೆಗೆದರೆ ಏಟು ತಪ್ಪಿದ್ದಲ್ಲ. ಆದರೂ ಪರಕಾರದಿಂದ ಕೈ ತೆಗೆದು ಅಪ್ಪನ ಮುಂದೆ ಚಾಚಿದಳು.

"ಅಪ್ಪಾ, ಬಾನಿ ಕೆಟ್ಟಿಲ್ಲ. ನೋಡಿಲ್ಲೆ. ಮುಂಜಾನೆ ಅದ್ದೀನಿ."

ಕಳಕಪ್ಪ ಆ ಕೈ ಹಿಡಿದು ಹೆಬ್ಬೆರಳಿನಿಂದ ತಿಕ್ಕಿದ. ಧೋತರದ ತುದಿಯಿಂದ ಒರೆಸಿದ. ಬಣ್ಣ ಜಪ್ಪಯ್ಯ ಅಂದರೂ ಹೋಗಲಿಲ್ಲ.

"ಬಾನಿ ಚಲೋ ಐತಿ ಅಂದ ಮ್ಯಾಲ ಸುಳ್ಳ ಯಾಕ ಹೇಳತಾರ ಅಪ್ಪಾ?"

ಕಳಕಪ್ಪ ಎದ್ದ. "ಗುದ್ದಲಿ ತರ್ರಿ! ಬುಟ್ಟಿ, ಹೊಟ್ಟಿನ ಚೀಲ, ಸಿಕ್ಕಿದ್ದು ತರ್ರಿ! ಏ ಹೂವಪ್ಪಾ, ಏಳೋ!" ಓಡುತ್ತಲೇ ಹಿಂದೆ ತಿರುಗಿ, "ನಿನ್ನ ಆಮ್ಯಾಲ ನೋಡ್ಕೊತೀನಿ" ಎಂದು ಮಗಳಿಗೆ ಹೇಳಲು ಮರೆಯಲಿಲ್ಲ.

ಹೊಳೆ ಕೆಂಪಗೆ ಏರಿ ಬಂದಿತ್ತು. ಕೆಲವರು ಕೂಸು, ಮುದುಕರನ್ನು ಹೊತ್ತು ಮೇಲೆ ತಂದರು. ಉಳಿದವರು ಒಡ್ಡಿನ ಸೀಳಿಗೆ ಚೀಲ ಒಟ್ಟಿದರು, ಮನೆಯ ಕದ ಕಿತ್ತು ಅಡ್ಡ ಹಾಕಿದರು, ಮೇಲೆ ಮಣ್ಣು ಸುರಿದರು. ಸಂಜೆಗೆ ನೀರು ಏರುವುದು ನಿಂತಿತು. ಒಂದೆರಡು ಗೋಡೆ ಬಿದ್ದವು, ಖತೀಜಾಬಿಯ ಬಾನಿಗಳಲ್ಲಿ ರಾಡಿ ತುಂಬಿತು. ಯಾರ ಜೀವವೂ ಹೋಗಲಿಲ್ಲ. ಒಡ್ಡು ಸೀಳಿದ್ದು ಮೇಲಿನ ಓಣಿಯವರು ಕೆಲಸ ಬಿಟ್ಟುಹೋದ ಜಾಗದಲ್ಲೇ. ಎಲ್ಲರೂ ಹೋದ ಮೇಲೂ ಕಳಕಪ್ಪ ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದ. ಸಿದ್ದವ್ವನಿಗೆ ಏಟು ಬೀಳಲಿಲ್ಲ.

ನೀರು ಇಳಿದ ಮೇಲೆ ಖತೀಜಾಬಿ ಬಾನಿ ತೊಳೆದು ಹೊಸ ನೀಲಿ ಕಲಸಿದಳು. ಬಣ್ಣ ಹಿಡಿಯಲೇ ಇಲ್ಲ. ಅದು ಊರಿಗೆಲ್ಲ ಗೊತ್ತಾಯಿತು.

ಒಂದು ದಿನ ಅವಳು ಕೋಲೂರಿಕೊಂಡು ಚಾವಡಿಗೆ ಬಂದಳು. ಸಿದ್ದವ್ವ ಅಲ್ಲೇ ಇದ್ದಳು.

"ಗೌಡ್ರ, ಸುದ್ದಿ ಕೇಳಿದ್ರೇನ್ರಿ?" ಖತೀಜಾಬಿಯ ದನಿ ಸಣ್ಣಗಿತ್ತು. "ಇನ್ನ ಮ್ಯಾಲ ಹೊಳಿ ನಮ್ಮ ಓಣಿಗೆ ಬರೂದಿಲ್ಲಂತ. ಎಂದೆಂದೂ ಬರೂದಿಲ್ಲಂತ."

ಹೂವಪ್ಪ ನಗಲು ಬಾಯಿ ತೆರೆದ. ಅಣ್ಣನ ಮುಖ ನೋಡಿ ಮುಚ್ಚಿದ.

ಕಳಕಪ್ಪ ತಲೆಯ ರುಮಾಲು ಸರಿಮಾಡಿಕೊಂಡ. "ಹೌದೇನ್ರಿ ಅಮ್ಮಾ? ಭಾಳ ಚಲೋ ಸುದ್ದಿ ತಂದ್ರಿ. ನೀವು ಹೇಳಿದ ಮ್ಯಾಲ ಮುಗೀತು, ಖರೇನ ಅದು."

ಖತೀಜಾಬಿ ಸೆರಗಿನಿಂದ ಕಣ್ಣೊರೆಸಿಕೊಂಡು ಇಳಿದು ಹೋದಳು.

ಅವಳು ಮರೆಯಾದ ಮೇಲೆ ಕಳಕಪ್ಪ ತಮ್ಮನ ಕಡೆ ತಿರುಗಿದ. "ನಾಳಿ ಮುಂಜಾನೆ ಮನಿಗೊಬ್ಬರಂಗ ಬರಲಿ. ಒಡ್ಡು ಮುಗಸೂನು. ಮುಂದಿಂದು ಮುಂದ."

"ಹೊಳಿ ಬರೂದಿಲ್ಲಂತಲ್ಲ ಅಣ್ಣಾ?"

"ಬರೂದಿಲ್ಲಪಾ. ಆದ್ರೂ ಮಂದಿ ಬರಲಿ."

"ಅಪ್ಪಾ, ನೀ ಖರೇನ ನಂಬೀದೇನ?" ಎಂಬ ಮಾತು ಸಿದ್ದವ್ವನ ನಾಲಿಗೆಯ ತುದಿಗೆ ಬಂದಿತ್ತು. ಅಪ್ಪ ಆಗಲೇ ಮೂಲೆಯಲ್ಲಿದ್ದ ಗುದ್ದಲಿಗಳ ಕಾವು ಗಟ್ಟಿ ಇವೆಯೋ ಇಲ್ಲವೋ ಎಂದು ಒಂದೊಂದಾಗಿ ಅಲುಗಿಸಿ ನೋಡುತ್ತಿದ್ದ.

ಸಿದ್ದವ್ವ ಬುಟ್ಟಿಗಳ ರಾಶಿಯಲ್ಲಿ ತನ್ನ ಅಳತೆಯದೊಂದನ್ನು ಹುಡುಕಿ, ನೀಲಿ ಕೈಯಲ್ಲೇ ಎತ್ತಿಕೊಂಡು, ಚಮನಬಿಗೆ ಹೇಳಲು ಹೊಳೆ ಓಣಿಯ ಕಡೆ ಓಡಿದಳು.