ಆಯಸ್ಕಾಂತ ಜಾರಿದ ಜಾಗ

ಆಯಸ್ಕಾಂತ ನೆಲಕ್ಕೆ ಬಿತ್ತು.

ಅತ್ತೆ ಅದನ್ನೆತ್ತಿಕೊಂಡು, ಸುತ್ತಿದ್ದ ಮೆತ್ತನೆ ಬಟ್ಟೆಯನ್ನು ಸರಿಮಾಡಿ, ಮತ್ತೆ ಅದೇ ಜಾಗಕ್ಕೆ ಇಟ್ಟರು. ಕಾರಿನ ಎಡ ಮಗ್ಗುಲು, ಹಿಂದಿನ ಚಕ್ರದಿಂದ ಆಚೆಗೆ. ಮತ್ತೆ ಬಿತ್ತು. ಗೇಣುದ್ದ ಮೇಲಿಟ್ಟರೆ ಅಂಟಿತು. ಕೆಳಗಿಟ್ಟರೂ ಅಂಟಿತು. ನಡುವಿನ ಅಂಗೈಯಗಲದ ಜಾಗದಲ್ಲಿ ಮಾತ್ರ ನಿಲ್ಲಲೊಲ್ಲದು.

ಬೆರಳ ಗೆಣ್ಣಿನಿಂದ ತಟ್ಟಿದರು. ಉಳಿದ ಕಡೆ ತಗಡು ಠಣ್ ಎನ್ನುತ್ತಿತ್ತು. ಇಲ್ಲಿ ಮಾತ್ರ ತೊಪ್.

"ಲೊರೆಟಾ, ಇಲ್ಲಿ ತಗಡಿನ ಮೇಲೆ ಪುಟ್ಟಿ ಮೆತ್ತಿದ್ದಾರೆ," ಎಂದರು ಅತ್ತೆ.

ಕಾರು ಲೊರೆಟಾ ಅವರದು. ಅವರ ಮಗಳು ನಡೀನ್ ಹೇಳಿದಳು. "ಹಾಗಾದ್ರೆ ವರ್ಜಿಲ್ ಮಾಮ ಸುಳ್ಳು ಹೇಳಿದ್ರು."

ನನ್ನ ಅತ್ತೆ ಬರ್ನಡೆಟ್ ಹಳೆಯ ಕಾರುಗಳಿಗೆ ಬೆಲೆ ಕಟ್ಟುವವರು. ಡೆಟ್ರಾಯಿಟ್‌ನಿಂದ ಕೆಳಗೆ ನದಿಯುದ್ದಕ್ಕೂ ಇರುವ ನಮ್ಮ ಊರುಗಳಲ್ಲಿ ಯಾರೇ ಹಳೆಯ ಕಾರನ್ನು ಹೊಸದಾಗಿಸಿ ಮಾರಲು ಹೊರಟರೂ ಮೊದಲು ಅವರನ್ನು ಕರೆಯುತ್ತಾರೆ. ಈಚೆಗೆ ಅವರಿಗೆ ಸೊಂಟ ಬಗ್ಗುವುದಿಲ್ಲ. ಹಾಗಾಗಿ ಮಕ್ಕಳನ್ನು ಶಾಲೆಗೆ ಬಿಟ್ಟು ನಾನು ಅವರನ್ನು ಕರೆದೊಯ್ಯುತ್ತೇನೆ. ಬಗ್ಗುವುದು, ತೂರುವುದು, ಸಂದಿಗೆ ಕೈ ಹಾಕುವುದು ನನ್ನ ಪಾಲು. ಯೋಚಿಸುವುದು ಅವರ ಪಾಲು.

ಈ ಕಾರಿಗೆ ಡಚೆಸ್ ಎಂದು ಹೆಸರಿಟ್ಟವರು ಲೊರೆಟಾ ಅವರ ಗಂಡ ಕ್ಲೆಮ್. ಎಪ್ಪತ್ತನೇ ಇಸವಿಯ ಎರಡು ಬಾಗಿಲಿನ, ಭಾರಿ ಎಂಜಿನ್ನಿನ ಮಸಲ್ ಕಾರು. ಕಿತ್ತಳೆ ಬಣ್ಣ. ಎಂಜಿನ್ ಚಾಲೂ ಮಾಡಿದರೆ ಪಕ್ಕದ ಮನೆಯ ಗಾಜಿನ ಲೋಟಗಳು ಕಿಣಿಗುಟ್ಟುತ್ತವೆ. ವರ್ಷಗಟ್ಟಲೆ ಓಡಿಸಿ, ನಿವೃತ್ತಿಯಾದ ಮೇಲೆ ಕ್ಲೆಮ್ ಅದನ್ನು ಪೂರ್ತಿ ಬಿಚ್ಚಿ ಹೊಸದಾಗಿಸಲು ಕೂತರು. ಅರ್ಧದಲ್ಲೇ ಕಾಯಿಲೆ ಬಿದ್ದರು. ಉಳಿದದ್ದನ್ನು ತಮ್ಮ ಶೆಡ್ಡಿಗೆ ಒಯ್ದು ಮುಗಿಸಿದವರು ಅವರ ಜೊತೆ ತಗಡು ಬಡಿಯುತ್ತಿದ್ದ ಗೆಳೆಯ ವರ್ಜಿಲ್. ಕ್ಲೆಮ್ ತೀರಿಕೊಂಡ ಮೇಲಿನ ಒಂದು ಭಾನುವಾರ ಕಾರು ಓಡಿಸಿಕೊಂಡು ಬಂದು ಲೊರೆಟಾ ಕೈಗೆ ಕೀಲಿ ಕೊಟ್ಟರು. ಕೂಲಿ ಬೇಡವೆಂದರು. ಎಲ್ಲಾದರೂ ಪುಟ್ಟಿ ಮೆತ್ತಿದ್ದೀಯಾ ಎಂದು ಲೊರೆಟಾ ಕೇಳಿದ್ದಕ್ಕೆ, ಎಲ್ಲ ಅಪ್ಪಟ ತಗಡು ಎಂದರು.

ಮಾರಾಟದ ಜಾಹೀರಾತಿನಲ್ಲಿ ಇದ್ದದ್ದೂ ಅದೇ ಮಾತು. ಅದನ್ನು ನಂಬಿ ಟೊಲೀಡೋದ ಹೋಸ್ಟೆಟ್ಲರ್ ಎಂಬುವರು ಸಂಜೆ ಬರುವವರಿದ್ದರು. ಮಾರುವುದಕ್ಕೆ ಲೊರೆಟಾ ಕೊಡುತ್ತಿದ್ದ ಕಾರಣ ಸರಳವಾಗಿತ್ತು. ಅವರ ಮಂಡಿ ಈಗ ಕ್ಲಚ್ಚು ತುಳಿಯಲಾರದು, ಇಂಥ ಕಾರನ್ನು ಓಡಿಸದೆ ನಿಲ್ಲಿಸಿದರೆ ಕೊಂದ ಹಾಗೆ. ಆದರೆ ಈಗ ಅವರ ಮುಖ ನೋಡಿದರೆ ಕಾರಿನ ಚಿಂತೆ ಇರಲಿಲ್ಲ. ಕ್ಲೆಮ್ ಬದುಕಿದ್ದಾಗಲೂ ಹೋದಮೇಲೂ ಪ್ರತಿ ಭಾನುವಾರ ವರ್ಜಿಲ್ ಈ ಮನೆಯಲ್ಲೇ ಊಟ ಮಾಡುತ್ತಿದ್ದರು. ಆ ಮನುಷ್ಯ ಇದರಲ್ಲೇ ಸುಳ್ಳು ಹೇಳಿದ್ದರೆ, ಇನ್ನು ಯಾವ್ಯಾವುದರಲ್ಲಿ ಹೇಳಿರಬಹುದು?

"ಅವನು ನನ್ನ ಮುಖ ನೋಡ್ಕೊಂಡು ಹೇಳಿದ್ದು, ಬರ್ನಡೆಟ್," ಎಂದರು ಲೊರೆಟಾ. "ಅದೇ ನನಗೆ ನುಂಗಕ್ಕಾಗ್ತಿಲ್ಲ."

ಅತ್ತೆ ಒಳಗೆ ಹೋಗೋಣ ಎಂದರು. ನಡೀನ್ ಆಗಲೇ ವರ್ಜಿಲ್‌ಗೆ ಫೋನು ಮಾಡುತ್ತಿದ್ದಳು. ಅವಳು ನನಗಿಂತ ದೊಡ್ಡವಳು, ಆದರೂ ಈಸ್ಟರಿಗೆ ಮುಂಚೆ ಮಾಂಸ ಬಿಡುವ ಉಪವಾಸದ ಶುಕ್ರವಾರಗಳಲ್ಲಿ ಚರ್ಚಿನ ಅಡುಗೆಮನೆಯಲ್ಲಿ ಜೊತೆಯಾಗಿ ಮೀನು ಕರಿಯುವವರು ನಾವು. ಕೆಟ್ಟವಳಲ್ಲ. ತಾಯಿಗೆ ಯಾರಾದರೂ ಮೋಸ ಮಾಡಿದರೆಂದರೆ ಮಾತ್ರ ಕಾದ ಎಣ್ಣೆಯಂತಾಗುತ್ತಾಳೆ. ಎಲ್ಲ ಚೊಕ್ಕಟವಾಗಿರಬೇಕು ಅವಳಿಗೆ. ಗ್ಯಾರೇಜಿನ ಹಳೆಯ ತಗಡಿನ ಬಾಗಿಲು ನೋಡಲಾಗುವುದಿಲ್ಲವೆಂದು ಸೋಮವಾರ ಹೊಸದು ಹಾಕಿಸಲು ಜನರನ್ನು ಗೊತ್ತು ಮಾಡಿದ್ದಳು. ಆ ಬಾಗಿಲು ನಿಜಕ್ಕೂ ನೋಡುವಂತಿರಲಿಲ್ಲ. ಕಡುಬಿನ ಅಂಚನ್ನು ಉಗುರಿನಿಂದ ಒತ್ತಿದ ಹಾಗೆ ಮೈತುಂಬ ಅರ್ಧಚಂದ್ರದ ಗುರುತುಗಳು.

ಅಡುಗೆಮನೆಯಲ್ಲಿ ಲೊರೆಟಾ ಕಾಫಿ ಹಾಕಿದರು. ಕಟ್ಟೆಯ ಮೇಲೆ ಬಿಸಿ ಬಾಣಲೆ ಇಟ್ಟು ಸುಟ್ಟ ಕಲೆಯೊಂದಿತ್ತು. ಅದರ ಸುತ್ತ ಹಳದಿ ಮೇಣದ ಕಡ್ಡಿಯಿಂದ ಎಳೆದ ವೃತ್ತ, ಅದರ ಮೇಲೆ ಒಂದು ಅಡ್ಡಗೆರೆ. ನಾನು ನೋಡುತ್ತಿದ್ದುದು ಕಂಡು ಅವರು ಸ್ವಲ್ಪ ನಕ್ಕರು. ಕ್ಲೆಮ್ ಕಾರಿನ ಕಾರ್ಖಾನೆಯಲ್ಲಿ ತಗಡಿನ ನೆಗ್ಗು ಎಬ್ಬಿಸುವ ಕೆಲಸದಲ್ಲಿದ್ದವರು. ಅಲ್ಲಿ ದೋಷ ಕಂಡ ಕಡೆ ಸುತ್ತು ಹಾಕುತ್ತಿದ್ದರಂತೆ. ಸರಿಪಡಿಸಿದರೆ ಸುತ್ತನ್ನು ಒರೆಸಬೇಕು.

"ಅಡ್ಡಗೆರೆ ಯಾಕೆ?" ಎಂದು ಕೇಳಿದೆ.

"ಅಡ್ಡಗೆರೆ ಅಂದ್ರೆ—ನೋಡಿದ್ದೀನಿ, ಇರಲಿ ಬಿಡು. ಅದರಿಂದ ಕಾರಿಗೇನೂ ತೊಂದರೆ ಇಲ್ಲ ಅಂತ. ಮದುವೆಯಾದ ಹೊಸದರಲ್ಲಿ ಎಲ್ಲಿ ನನಗೇ ಸುತ್ತು ಹಾಕ್ತಾನೋ ಅಂತಿದ್ದೆ."

ಅತ್ತೆ ಆ ಕಲೆಯನ್ನು ಬಹಳ ಹೊತ್ತು ನೋಡಿದರು.

ವರ್ಜಿಲ್ ಬರುವಷ್ಟರಲ್ಲಿ ಮೊದಲು ಅನುಮಾನಕ್ಕೆ ಸಿಕ್ಕವನು ಟಾಡ್, ಕ್ಲೆಮ್ ಅವರ ತಮ್ಮನ ಮಗ. ಮಹಡಿಯ ಕೋಣೆಯಲ್ಲಿ ಇರುತ್ತಾನೆ. ಕಳೆದ ಬೇಸಿಗೆಯಲ್ಲಿ ವುಡ್‌ವರ್ಡ್ ರಸ್ತೆಯಲ್ಲಿ ಹಳೆಯ ಕಾರುಗಳೆಲ್ಲ ಸಾಲುಗಟ್ಟಿ ಮೆರೆದ ದಿನ ಡಚೆಸ್ ಅನ್ನು ಕೇಳಿ ಒಯ್ದಿದ್ದ, ತುಂಬ ತಡಮಾಡಿ ತಂದಿದ್ದ. ಅತ್ತೆ ಎದುರಿಗೆ ಕೂರಿಸಿಕೊಂಡರು.

"ಎಲ್ಲಿ ಗುದ್ದಿಸಿದೆ?"

"ಎಲ್ಲೂ ಇಲ್ಲ."

"ಮತ್ತೆ ತಡ ಯಾಕಾಯ್ತು?"

ಟಾಡ್ ದೊಡ್ಡಮ್ಮನ ಕಡೆ ನೋಡಿದ. "ಒಬ್ಬಳ ಜೊತೆ ಇದ್ದೆ. ಸೀಟಿನ ಮೇಲೆ ಸಾಸ್ ಚೆಲ್ಲಿದಳು. ಒರೆಸ್ತಾ ಕೂತಿದ್ವಿ."

"ಅವಳೋ ನೀನೋ?"

"ಅವಳು ನಗ್ತಾ ಇದ್ದಳು. ನಾನು ಒರೆಸ್ತಿದ್ದೆ."

ಅತ್ತೆ ಅವನನ್ನು ಬಿಟ್ಟುಬಿಟ್ಟರು. ಅವರು ಆಗಲೇ ಟಾರ್ಚನ್ನು ಅಡ್ಡಡ್ಡ ಹಿಡಿದು ಮಗ್ಗುಲನ್ನು ನೋಡಿದ್ದರು. ಬಾಗಿಲಿನಿಂದ ಬಂಪರಿನವರೆಗೆ ಬಣ್ಣ ಒಂದೇ ಹರವಾಗಿತ್ತು, ಎಲ್ಲೂ ತೇಪೆಯ ಅಂಚಿಲ್ಲ. ಅಂದರೆ ಪುಟ್ಟಿ ಮೆತ್ತಿದ್ದು ಕಾರಿಗೆ ಬಣ್ಣ ಹೊಡೆಯುವ ಮೊದಲು. ಟಾಡ್ ಓಡಿಸಿದ್ದು ಆಮೇಲೆ.

ಹಾಗಾದರೆ ಉಳಿದವರು ಒಬ್ಬರೇ.

ವರ್ಜಿಲ್ ಬಂದರು. ಕೆಂಟಕಿಯಿಂದ ಹುಡುಗನಾಗಿ ಬಂದು ಇಲ್ಲೇ ಮುದುಕರಾದವರು. ಟೋಪಿ ಕೈಯಲ್ಲಿತ್ತು. ನಡೀನ್ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಅವರು ತಡಮಾಡಲಿಲ್ಲ.

"ನಾನೇ ಮೆತ್ತಿದ್ದು. ಅಲ್ಲೊಂದು ನೆಗ್ಗಿತ್ತು. ಹಿಂದಿನಿಂದ ಸುತ್ತಿಗೆ ಹಾಕಕ್ಕೆ ಜಾಗ ಇರಲಿಲ್ಲ. ಪುಟ್ಟಿ ಹಾಕಿ ಉಜ್ಜಿಬಿಟ್ಟೆ. ತಪ್ಪು ನನ್ನದು ಅಂತ ಬರ್ಕೊಳ್ಳಿ."

"ನಾನು ಕೇಳಿದ್ದೆ ನಿನ್ನ," ಎಂದರು ಲೊರೆಟಾ.

"ಕೇಳಿದ್ದೆ."

"ಇಲ್ಲ ಅಂದೆ."

"ಅಂದೆ."

ಗೂಡಿನಲ್ಲಿ ವರ್ಜಿಲ್‌ಗೆಂದೇ ಒಂದು ನೀಲಿ ಬಟ್ಟಲಿತ್ತು. ಭಾನುವಾರಗಳ ಬಟ್ಟಲು. ಲೊರೆಟಾ ಅದರತ್ತ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಸಿಂಕಿನ ಕಡೆ ತಿರುಗಿ, ತೊಳೆದದ್ದನ್ನೇ ಮತ್ತೆ ತೊಳೆಯತೊಡಗಿದರು. ವರ್ಜಿಲ್ ಅದನ್ನು ಕಂಡರು. ಅಷ್ಟು ದೊಡ್ಡ ಆಳು ಬಾಗಿಲ ಬಳಿ ಚಿಕ್ಕದಾಗಿ ನಿಂತುಬಿಟ್ಟರು.

ತಪ್ಪೊಪ್ಪಿಗೆ ಸಿಕ್ಕಿತ್ತು. ನನಗೆ ಮುಗಿಯಿತೆನಿಸಿತು. ಅತ್ತೆ ಮಾತ್ರ ಎದ್ದು ಗ್ಯಾರೇಜಿಗೆ ನಡೆದರು.

"ಡಿಕ್ಕಿ ತೆಗಿ," ಎಂದರು ನನಗೆ. "ಎಡಗಡೆಯ ಚಾಪೆ ಎತ್ತು. ಕೈ ಹಾಕು. ಹೋಗುತ್ತಾ?"

ಮೊಣಕೈವರೆಗೂ ಸಲೀಸಾಗಿ ಹೋಯಿತು. ಸುತ್ತಿಗೆ ಹಿಡಿದಿದ್ದರೂ ಹೋಗುತ್ತಿತ್ತು. ಒಳಮೈ ಸವರಿದೆ. ಬೆರಳಿಗೆ ಬಾಗಿದ ಒಂದು ಏಣು ಸಿಕ್ಕಿತು. ಹೊರಗಿನಿಂದ ಬಿದ್ದ ಪೆಟ್ಟು ಒಳಗೆ ಉಬ್ಬಿ ನಿಂತಿತ್ತು.

"ಆಕಾರ ಏನು?"

"ಅರ್ಧಚಂದ್ರ."

"ಬಣ್ಣ?"

ತಲೆ ತೂರಿಸಿ ಟಾರ್ಚು ಬಿಟ್ಟೆ. ಡಿಕ್ಕಿಯ ಒಳಗೆಲ್ಲ ಹೊಸದಾಗಿ ಎರಚಿದ ಚುಕ್ಕಿ ಬಣ್ಣ. ಆದರೆ ಆ ಏಣಿನ ಸುತ್ತ ಒಂದು ಚೌಕದಷ್ಟು ಹಾಗೇ ಉಳಿದಿತ್ತು. ಅಲ್ಲಿ ಕಾರ್ಖಾನೆಯಲ್ಲಿ ಹೊಡೆದ ಹಳೆಯ ಚುಕ್ಕಿಗಳು, ಬಿರುಕುಗಳಲ್ಲಿ ಕಂದು ತುಕ್ಕು. ಅಂಚುಗಳು ನೆಟ್ಟಗಿದ್ದವು, ಯಾರೋ ಟೇಪು ಅಂಟಿಸಿ ಬಣ್ಣ ತಾಗದಂತೆ ಕಾಪಾಡಿದ್ದರು. ಆ ಚೌಕದೊಳಗೆ ಇನ್ನೂ ಒಂದು ಗುರುತಿತ್ತು. ನಾನು ಕಂಡದ್ದನ್ನು ಅತ್ತೆಯ ಕಿವಿಯಲ್ಲಿ ಹೇಳಿದೆ.

ಅತ್ತೆ ತಿರುಗಿ ಗ್ಯಾರೇಜಿನ ಬಾಗಿಲನ್ನು ನೋಡಿದರು.

"ನಡೀನ್," ಎಂದರು ನಿಧಾನವಾಗಿ, "ಈ ಬಾಗಿಲಿಗೆ ಏನಾಗಿದೆ?"

"ಚಿಕ್ಕವಳಿದ್ದಾಗ ನನಗೆ ಐಸ್-ಹಾಕಿ ಆಟದ ಹುಚ್ಚು. ಆಗ ಹುಡುಗೀರನ್ನ ಐಸಿಗೆ ಇಳಿಸ್ತಿರಲಿಲ್ಲ. ಇಲ್ಲೇ ನಿಂತು ಈ ಬಾಗಿಲಿಗೆ ರಬ್ಬರ್ ಬಿಲ್ಲೆ ಹೊಡೀತಿದ್ದೆ." ಅವಳು ಅಷ್ಟಕ್ಕೇ ನಿಲ್ಲಿಸಿದಳು. ಕಾರಿನ ಎಡ ಮಗ್ಗುಲನ್ನು ನೋಡಿದಳು.

ಎಲ್ಲರನ್ನೂ ಕಾರಿನ ಬಳಿಗೆ ಕರೆದು ಅತ್ತೆ ಮಾತಾಡಿದರು. ಅವರ ದನಿ ಏರುವುದಿಲ್ಲ. ನನ್ನ ಮಕ್ಕಳಿಗೆ ಕಥೆ ಹೇಳುವಾಗಲೂ ಹೀಗೇ.

ವರ್ಜಿಲ್ ಹೇಳಿದ್ದು ಸುಳ್ಳು ಎಂದರು. ಮೊದಲು ಹೇಳಿದ್ದೂ ಸುಳ್ಳು, ಈಗ ಒಪ್ಪಿಕೊಂಡದ್ದೂ ಸುಳ್ಳು. ಹಿಂದಿನಿಂದ ಸುತ್ತಿಗೆ ಹಾಕಲು ಜಾಗವಿಲ್ಲ ಅಂದರಲ್ಲ, ಬೇಕಾದಷ್ಟು ಜಾಗವಿದೆ. ಹೊಸಬನೂ ಅದನ್ನು ಒಳಗಿನಿಂದ ತಟ್ಟಿ ಎಬ್ಬಿಸಬಲ್ಲ. ಜೀವಮಾನವಿಡೀ ತಗಡು ಬಡಿದವರಿಗೆ ಅದು ಗೊತ್ತಿಲ್ಲದೆ ಇರುತ್ತದೆಯೇ? ಕಷ್ಟಕ್ಕೆ ಹೆದರಿ ಪುಟ್ಟಿ ಮೆತ್ತಿದ್ದಲ್ಲ. ಆ ನೆಗ್ಗನ್ನು ಯಾರೋ ಬೇಕೆಂದೇ ಉಳಿಸಿಕೊಂಡಿದ್ದಾರೆ.

"ಮೋಸ ಮಾಡೋನು ಒಳಗಡೆನೂ ಬಣ್ಣ ಎರಚಿ ಮುಚ್ಚಿಬಿಡ್ತಾನೆ," ಎಂದರು ಅತ್ತೆ. "ಇದನ್ನ ಮಾಡಿದೋನು ಟೇಪ್ ಅಂಟಿಸಿ ಕಾಪಾಡಿದ್ದಾನೆ. ಹೊರಗೆ ಲೋಕಕ್ಕೆ ನುಣುಪು. ಒಳಗೆ ತನಗೆ ಅಂತ ಇಟ್ಕೊಂಡ. ಪೆಟ್ಟು ಹಳೇದು, ತುಕ್ಕು ನೋಡಿದರೇ ಗೊತ್ತಾಗುತ್ತೆ. ಪೆಟ್ಟಿನ ಆಕಾರ ಬೇಕಿದ್ದರೆ ಈ ಬಾಗಿಲು ನೋಡಿ. ನಾವೆಲ್ಲ ಬೆಳಗಿನಿಂದ ಅದರ ಮುಂದೆನೇ ಓಡಾಡ್ತಿದ್ದೀವಿ. ಇನ್ನು ಯಾರು ಅಂತ ಕೇಳೋದಾದರೆ, ಲೊರೆಟಾ, ನೀನೇ ಒಳಗೆ ನೋಡು."

ಲೊರೆಟಾ ಬಗ್ಗಿದರು. ನಾನು ಟಾರ್ಚು ಹಿಡಿದೆ.

ಏಣಿನ ಸುತ್ತ ಹಳದಿ ವೃತ್ತ. ಅದರ ಮೇಲೆ ಒಂದು ಅಡ್ಡಗೆರೆ.

ಲೊರೆಟಾ ತಲೆ ಹೊರಗೆ ತೆಗೆದರು. ಕೇಳಿದ್ದು ವರ್ಜಿಲ್ ಅವರನ್ನು. "ಇದು ಕ್ಲೆಮ್ ಮಾಡಿದ್ದಾ?"

"ಅವನೇ," ಎಂದರು ವರ್ಜಿಲ್. "ಆ ಮಗ್ಗುಲು ಪುಟ್ಟಿ ಸಮೇತ ಪೂರ್ತಿ ಮುಗಿಸಿದಮೇಲೇ ನನ್ನ ಶೆಡ್ಡಿಗೆ ಕಳಿಸಿದ್ದು. ಇದೊಂದನ್ನ ಮುಟ್ಟಬೇಡ ಅಂದ. ಮಗು ಅಪ್ಪನಿಗೆ ಗೊತ್ತಿಲ್ಲ ಅಂದ್ಕೊಂಡಿದೆ, ಹಾಗೇ ಅಂದ್ಕೊಂಡಿರಲಿ ಅಂದ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟೆ. ನೀನು ಕೇಳ್ತೀಯ ಅಂತ ನಾವಿಬ್ಬರೂ ಯೋಚನೆ ಮಾಡಿರಲಿಲ್ಲ, ಲೊರೆಟಾ."

ನಡೀನ್ ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. ಗುರಿ ತಪ್ಪಿದ ಬಿಲ್ಲೆ ಕಾರಿಗೆ ಬಡಿದ ಸದ್ದು ಇನ್ನೂ ಕೇಳಿಸುತ್ತದೆ ಎಂದಳು. ಕಾರಿನ ಮೇಲೆ ಬಟ್ಟೆ ಹೊದಿಸಿ, ಹೊಟ್ಟೆನೋವೆಂದು ಊಟ ಬಿಟ್ಟು ಮಲಗಿದ್ದಳಂತೆ. ಅಪ್ಪ ಬಂದು ಹಣೆ ಮುಟ್ಟಿ, ಏನೂ ಆಗಿಲ್ಲ, ಮಲಗು ಎಂದರಂತೆ. ಹೊಟ್ಟೆಯ ಮಾತು ಎಂದುಕೊಂಡಿದ್ದಳು, ಇವತ್ತಿನವರೆಗೂ. ಬೆಳಗ್ಗೆ ನೋಡಿದರೆ ಕಾರು ಬೀದಿಯಲ್ಲಿ ನಿಂತಿತ್ತು. ಗ್ಯಾರೇಜಿನ ಬಾಗಿಲ ಮೇಲೆ ಹಳದಿ ಕಡ್ಡಿಯಲ್ಲಿ ಗೋಲಿನ ಚೌಕಟ್ಟು ಬರೆದಿತ್ತು.

ಅವಳು ಎದ್ದು ವರ್ಜಿಲ್ ಎದುರು ನಿಂತಳು. "ಮಾಮ, ನಿಮ್ಮನ್ನ ಏನೇನೋ ಅಂದೆ."

"ನಿಮ್ಮಪ್ಪ ಇದಕ್ಕಿಂತ ಜಾಸ್ತಿ ಅಂತಿದ್ದ," ಎಂದರು ವರ್ಜಿಲ್.

ಲೊರೆಟಾ ಒಳಗೆ ಹೋದರು. ಅಡುಗೆಮನೆಯ ಕಿಟಕಿಯಿಂದ ಗೂಡಿನ ಬಾಗಿಲು ತೆಗೆದ ಸದ್ದು ಕೇಳಿತು. ನೀಲಿ ಬಟ್ಟಲಿನಲ್ಲಿ ಕಾಫಿ ತಂದು ವರ್ಜಿಲ್ ಕೈಗಿತ್ತು, "ಇನ್ನೊಂದು ಸಲ ನನಗೆ ಸುಳ್ಳು ಹೇಳಿದ್ರೆ ಭಾನುವಾರ ನಿನ್ನ ಮನೇಲೇ ಬೇಯಿಸ್ಕೋ," ಎಂದರು.

"ಆಯ್ತು ತಾಯಿ," ಎಂದರು ವರ್ಜಿಲ್. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

ಸಂಜೆ ಹೋಸ್ಟೆಟ್ಲರ್ ಬಂದಾಗ ಅತ್ತೆ ಏನನ್ನೂ ಮುಚ್ಚಿಡಲಿಲ್ಲ. ಎಡ ಮಗ್ಗುಲಿನಲ್ಲಿ ಒಂದು ನೆಗ್ಗಿದೆ, ಮೇಲೆ ಪುಟ್ಟಿ ಇದೆ, ಕಾರಣ ಇದು ಎಂದರು. ಬೇಡವಾದರೆ ಬಿಟ್ಟುಹೋಗಬಹುದು ಎಂದರು ಲೊರೆಟಾ. ಹೋಸ್ಟೆಟ್ಲರ್ ಡಿಕ್ಕಿಯೊಳಗೆ ಕೈ ಹಾಕಿ ಆ ಏಣನ್ನು ಸವರಿದರು. ಆಮೇಲೆ ಕೇಳಿದ್ದು ಒಂದೇ: ಆ ಹಳದಿ ಗೆರೆ ಒರೆಸಿಹೋಗದ ಹಾಗೆ ಮೇಲೆ ಏನಾದರೂ ಹಚ್ಚಿದೆಯಾ? ವರ್ಜಿಲ್, ತಾವೇ ತಿಳಿ ವಾರ್ನಿಷ್ ಹಚ್ಚಿರುವುದಾಗಿ ಹೇಳಿದರು. ಹೋಸ್ಟೆಟ್ಲರ್ ಕೀಲಿಗೆ ಕೈ ಚಾಚಿದರು.

ಡಚೆಸ್ ಬೀದಿಯ ತಿರುವು ದಾಟುವವರೆಗೂ ಯಾರೂ ಅಲುಗಲಿಲ್ಲ. ನನಗೆ ಶಾಲೆಯಿಂದ ಮನೆಗೆ ಬಂದಿದ್ದ ಮಕ್ಕಳ ನೆನಪಾಗಿ ಅತ್ತೆಯನ್ನು ನಮ್ಮ ಕಾರಿಗೆ ಹತ್ತಿಸಿದೆ. ನಡೀನ್ ಗ್ಯಾರೇಜಿನ ಮುಂದೆ ನಿಂತು ಫೋನಿನಲ್ಲಿ ಬಾಗಿಲಿನವರ ಜೊತೆ ಮಾತಾಡುತ್ತಿದ್ದಳು. ಸೋಮವಾರ ಬರಬೇಡಿ ಎನ್ನುತ್ತಿದ್ದಳು. ಬಾಗಿಲು ಪೂರ್ತಿ ನೆಗ್ಗಿಹೋಗಿದೆ ಎಂದು ನೀವೇ ಹೇಳಿದ್ದಿರಲ್ಲ ಎಂದು ಆ ಕಡೆಯವರು ಕೇಳಿರಬೇಕು. ಅವಳು ಕೈ ಚಾಚಿ ಒಂದು ಅರ್ಧಚಂದ್ರದ ಮೇಲೆ ಬೆರಳಿಟ್ಟಳು.

"ಹೌದು," ಎಂದಳು. "ನೋಡಿದ್ದೀನಿ. ಇರಲಿ ಬಿಡಿ."