ಅವನು ಬರೆದ ನೂರಿಪ್ಪತ್ತು

"ಯಾರ್ರೀ ಇದನ್ನ ಬರೆದಿದ್ದು?"

ಸ್ಟಾಫ್ ರೂಮಿನ ಬಾಗಿಲು ಧಡಾರನೆ ಗೋಡೆಗೆ ಬಡಿಯಿತು, ವಿದ್ಯಾರ್ಥಿನಿಯೊಬ್ಬಳು ಒಳಗೆ ನುಗ್ಗಿದಳು. ಉತ್ತರಪತ್ರಿಕೆಗಳ ನಡುವೆ ಕೂತಿದ್ದ ಗಣಿತದ ಮೇಷ್ಟ್ರು ತಲೆ ಎತ್ತಿದರು. ಮೇಷ್ಟ್ರು ಅಂದರೆ ಮೀಸೆ ಬಿಳಿಯಾದವರಲ್ಲ, ಇಪ್ಪತ್ತೆಂಟರ ಹುಡುಗ. ವಾರವಿಡೀ ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವ ಕೆಲಸ, ಭಾನುವಾರ ಈ ಕೋಚಿಂಗ್ ಸೆಂಟರಿನಲ್ಲಿ ಪಾಠ.

"ನೋಟಿಸ್ ಬೋರ್ಡಲ್ಲಿ ಎಲ್ಲರ ಗುರಿ ನೂರ ಎಪ್ಪತ್ತು, ನೂರ ಎಪ್ಪತ್ತೈದು! ನಾನೂ ನೂರ ಎಪ್ಪತ್ತು ಅಂತಲೇ ಬರೆದುಕೊಟ್ಟಿದ್ದೆ. ಅದನ್ನ ಹೊಡೆದುಹಾಕಿ ನೂರಿಪ್ಪತ್ತು ಮಾಡೋಕೆ ನೀವ್ಯಾರು ಸಾರ್?"

"ಬರೆದಿದ್ದು ನಾನೇ. ಆದ್ರೆ ಬೋರ್ಡಿಗೆ..."

"ನಾನೇ ಅಂತ ಒಪ್ಕೊಂಡ್ರಲ್ಲ, ಅಷ್ಟು ಸಾಕು! ಕೆಳಗೆ ಕೆಂಪು ಗೆರೆ ಬೇರೆ! ಇಡೀ ಕ್ಲಾಸು ನನ್ನ ನೋಡಿ ಮುಸಿಮುಸಿ ನಗ್ತಿದೆ."

"ಒಂದ್ನಿಮಿಷ ಕೂತ್ಕೊಳ್ಳಿ, ಹೇಳ್ತೀನಿ..."

"ಕೂರೋಕೆ ಬಂದಿಲ್ಲ ನಾನು!"

ಬಂದ ವೇಗದಲ್ಲೇ ಹೊರಟುಹೋದಳು. ಮೆಟ್ಟಿಲಿಳಿಯುವಾಗ ಕಣ್ಣು ತುಂಬಿ ಬಂತು. ಅಳು ಬಂದದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

ಅವಳ ಸಿಟ್ಟಿಗೆ ಕಾರಣವಿತ್ತು. ಅಣ್ಣನ ಕನ್ನಡಕದ ಅಂಗಡಿಯಲ್ಲಿ ಆರು ವರ್ಷದಿಂದ ಜನರ ಕಣ್ಣು ನೋಡುತ್ತಿದ್ದವಳು ಅವಳೇ. ಆದರೆ ಕನ್ನಡಕದ ನಂಬರಿನ ಚೀಟಿಗೆ ಸಹಿ ಹಾಕಲು ವಾರಕ್ಕೆರಡು ದಿನ ಬೇರೆ ಯಾರೋ ಬರುತ್ತಿದ್ದರು. ಕಾರಣ, ಅವರ ಹತ್ತಿರ ಕಣ್ಣು ಪರೀಕ್ಷೆಯ ಡಿಗ್ರಿ ಇತ್ತು. ಆ ಡಿಗ್ರಿಗೆ ಸೇರಲು ಪ್ರವೇಶ ಪರೀಕ್ಷೆ ಬರೆಯಬೇಕು, ಎರಡು ಸಲ ಬರೆದು ಸೋತಿದ್ದಳು. "ಇದೇ ಕಡೇ ಸಲ ಕಣೇ. ಆಮೇಲೆ ಸುಮ್ನೆ ಕೌಂಟರ್ ನೋಡ್ಕೊ" ಎಂದಿದ್ದ ಅಣ್ಣ.

ನೂರ ಎಂಬತ್ತು ಪ್ರಶ್ನೆ, ಒಂದಕ್ಕೊಂದು ಅಂಕ, ತಪ್ಪಿಗೆ ಕಾಲು ಅಂಕ ಕಡಿತ. ಸೆಂಟರಿನ ಮೊದಲ ಟೆಸ್ಟಿನಲ್ಲಿ ಅವಳಿಗೆ ನೂರ ಹತ್ತು ಬಂದಿತ್ತು. ಹೋದ ವರ್ಷ ಕಾಲೇಜಿನ ಕಡೇ ಸೀಟು ಹೋದದ್ದು ನೂರ ಮೂವತ್ತಾರಕ್ಕೆ. ಅಂಥವಳ ಮುಂದೆ ನೂರಿಪ್ಪತ್ತು ಅಂತ ಬರೆದರೆ ಏನರ್ಥ? ನಿನಗೆ ಸೀಟು ಸಿಗಲ್ಲ ಅಂತ ತಾನೇ?

'ತೋರಿಸ್ತೀನಿ ಇವನಿಗೆ!'

ಮುಂದಿನ ಟೆಸ್ಟಿನಲ್ಲಿ ಒಂದು ಪ್ರಶ್ನೆಯನ್ನೂ ಬಿಡಲಿಲ್ಲ. ಗೊತ್ತಿದ್ದದ್ದು, ಗೊತ್ತಿಲ್ಲದ್ದು, ಕನಸಲ್ಲೂ ಕಾಣದ್ದು, ಎಲ್ಲಕ್ಕೂ ಉತ್ತರ ತುಂಬಿದಳು.

ತೊಂಬತ್ತೈದು ಬಂತು.

ಈಗ ಸಿಟ್ಟನ್ನು ಯಾರ ಮೇಲೆ ಹಾಕುವುದು? ಅವನ ಮೇಲೆಯೇ! ಮತ್ತೆ ಸ್ಟಾಫ್ ರೂಮಿಗೆ ನುಗ್ಗಿದಳು. ಮೂಲೆಯ ಮೇಜು ಖಾಲಿ ಇತ್ತು.

"ಅವರನ್ನ ತೆಗೆದುಹಾಕಿದ್ರಲ್ಲಮ್ಮ" ಎಂದಳು ಫೈಲು ಜೋಡಿಸುತ್ತಿದ್ದ ಆಫೀಸಿನ ಅಕ್ಕ. "ನಿನ್ನ ಹೆಸರಿರೋ ಚೀಟೀನ ಅವರು ಬೋರ್ಡಿಂದ ಕಿತ್ತು ಹರಿದುಹಾಕಿದ್ರು, ಅದಕ್ಕೆ. ಅದು ನಿನಗೊಬ್ಬಳಿಗೇ ಕೊಡೋಕೆ ಬರೆದಿದ್ದಂತೆ. ಪ್ರಿನ್ಸಿಪಾಲರು ತಗೊಂಡು ಹೋಗಿ ಎಲ್ಲರ ಮುಂದೆ ಅಂಟಿಸಿದ್ರು. ಅವಮಾನ ಆದ್ರೆ ಓದ್ತಾರೆ ಅಂತ ಅವರ ಲೆಕ್ಕ."

"ಮತ್ತೆ ಮೇಷ್ಟ್ರು ನಂಗೆ ಯಾಕೆ ಹೇಳ್ಲಿಲ್ಲ?"

"ನೀನು ಹೇಳೋಕೆ ಬಿಟ್ಯಾ?" ಅಕ್ಕ ಡ್ರಾಯರಿನಿಂದ ಒಂದು ಲಕೋಟೆ ತೆಗೆದಳು. "ತಗೋ. ಬಂದು ಕೇಳಿದ್ರೆ ಕೊಡಿ ಅಂದಿದ್ರು."

ಒಳಗೆ ಅವಳ ಮೊದಲ ಟೆಸ್ಟಿನ ಉತ್ತರಪತ್ರಿಕೆ ಇತ್ತು. ಎಂಟು ಕಡೆ ಪೆನ್ಸಿಲಿನಲ್ಲಿ ಸುತ್ತು ಹಾಕಿತ್ತು. ಕೆಳಗೆ ಚಿಕ್ಕ ಅಕ್ಷರ:

"ಈ ಎಂಟೂ ನಿಮಗೆ ಗೊತ್ತಿದ್ದವು. ಮೊದಲು ಸರಿ ಬರೆದು, ಅಳಿಸಿ, ತಪ್ಪು ಬರೆದಿದ್ದೀರಿ. ಅಳಿಸದಿದ್ದರೆ ಎಂಟು ಅಂಕ ಬರುತ್ತಿತ್ತು, ಕಡಿತವಾದ ಎರಡು ಉಳಿಯುತ್ತಿತ್ತು. ನೂರಿಪ್ಪತ್ತು. ಹೊಸದಾಗಿ ಒಂದಕ್ಷರವೂ ಓದಬೇಕಾಗಿಲ್ಲ. ನೂರ ಮೂವತ್ತಾರರ ಮಾತು ಆಮೇಲೆ."

ಅವಳು ಅಲ್ಲೇ ಬೆಂಚಿನ ಮೇಲೆ ಕುಸಿದಳು.

ದಿನಕ್ಕೆ ಐವತ್ತು ಸಲ ಗಿರಾಕಿಗಳ ಕಣ್ಣಿನ ಮುಂದೆ ಗಾಜು ಬದಲಿಸುತ್ತಿದ್ದಳು. "ಇದು ಚೆನ್ನಾಗಿ ಕಾಣುತ್ತಾ? ಅದಾ? ಇನ್ನೊಂದ್ಸಲ ನೋಡಿ ಹೇಳಿ..." ಕೈಗೂ ಮನಸ್ಸಿಗೂ ಅದೇ ಅಭ್ಯಾಸವಾಗಿತ್ತು. ಪರೀಕ್ಷೆಯಲ್ಲೂ ಸರಿಯಾದ ಉತ್ತರದ ಮುಂದೆ ಕೂತು, ಇದಾ, ಅದಾ ಅಂತ ತನ್ನನ್ನೇ ಕೇಳಿಕೊಂಡು ಅಳಿಸಿಬಿಡುತ್ತಿದ್ದಳು. ಎರಡು ವರ್ಷ ಹಾಗೇ ಸೋತಿದ್ದಳೇ? ಮನೆಯಲ್ಲಿ ಯಾರೂ ಕಾಣದ್ದನ್ನು ಇವನು ಎಷ್ಟು ಹೊತ್ತು ಕೂತು ಕಂಡಿರಬೇಕು...

ಮರುದಿನ ಮಧ್ಯಾಹ್ನ ಡಿಪೋದಲ್ಲಿದ್ದಳು. ಅವನು ಮೇಜಿನುದ್ದದ ಹಾಳೆಯ ಮೇಲೆ ಬಸ್ಸುಗಳ ಸಮಯ ತಿದ್ದುತ್ತಿದ್ದ.

"ಕೆಲಸ ಹೋಯ್ತು ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ?" ಕ್ಷಮೆ ಕೇಳಲು ಬಂದಿದ್ದಳು, ಬಾಯಿಂದ ಬಂದದ್ದು ಜಗಳ!

"ಭಾನುವಾರದ್ದು ತಾನೇ, ಹೋಗ್ಲಿ ಬಿಡಿ. ಟೆಸ್ಟಲ್ಲಿ ಎಷ್ಟು ಬಂತು?"

"...ತೊಂಬತ್ತೈದು."

ಅವನು ನಗಲಿಲ್ಲ. ಹಾಳೆಯನ್ನು ಅವಳ ಕಡೆ ತಿರುಗಿಸಿದ.

"ಈ ದಾರಿಗೆ ನಲವತ್ತೈದು ನಿಮಿಷ ಬೇಕು. ನಾನು ಇಪ್ಪತ್ತೈದು ಅಂತ ಬರೆದ್ರೆ ಬಸ್ಸು ಬೇಗ ಬರಲ್ಲ. ಡ್ರೈವರ್ ಅಡ್ಡಾದಿಡ್ಡಿ ಓಡಿಸ್ತಾನೆ, ಅಷ್ಟೇ. ಮೊದಲು ನಲವತ್ತಮೂರು ಮಾಡ್ತೀನಿ. ಅದು ಅಭ್ಯಾಸ ಆದ ಮೇಲೆ ಇನ್ನೆರಡು ಇಳಿಸ್ತೀನಿ."

"ಅಂದ್ರೆ... ನಂಗೆ ಸೀಟು ಸಿಗಲ್ಲ ಅಂತ ಅಲ್ವಾ?"

"ಸಿಗಲಿ ಅಂತಾನೇ ಅಲ್ವಾ ಅಷ್ಟು ಕೂತು ನೋಡಿದ್ದು!"

ಆ ಮಾತಿಗೆ ಅವಳ ಎದೆಯಲ್ಲಿ ಏನೋ ಜಾರಿತು. ಮುಖ ಗಂಟು ಹಾಕಿಕೊಂಡೇ ಪುಸ್ತಕ ತೆಗೆದಳು.

ಅಂದಿನಿಂದ ಪ್ರತಿ ಶನಿವಾರದ ಊಟದ ಹೊತ್ತು ಡಿಪೋದ ಬೆಂಚಿನಲ್ಲಿ ಕಳೆಯಿತು. ಮೊದಲ ಶನಿವಾರವೇ ಅವನು ಅವಳ ರಬ್ಬರ್ ಕಿತ್ತುಕೊಂಡ. ಮುಂದಿನ ಟೆಸ್ಟಿನಲ್ಲಿ ನೂರ ಹತ್ತೊಂಬತ್ತು. "ಒಂದು ಕಮ್ಮಿ!" ಎಂದು ಅವಳು ರೇಗಿದರೆ, ಅವನು ಮಕ್ಕಳ ಹಾಗೆ ಕುಣಿದ. ಆಮೇಲೆ ಒಂದೇ ಒಂದು ಪಾಠ ಹಿಡಿದು ನೂರ ಇಪ್ಪತ್ತೆಂಟು. ಇನ್ನೊಂದು ಹಿಡಿದು ನೂರ ಮೂವತ್ತನಾಲ್ಕು.

ಲೆಕ್ಕ ಹೇಳುವಾಗ ಅವನ ದನಿ ಎಷ್ಟು ಮೆತ್ತಗಾಗುತ್ತದೆ ಎಂದು ಅವಳಿಗೆ ಈಗ ಗೊತ್ತಿತ್ತು. ಆದರೆ ಆ ಪುಣ್ಯಾತ್ಮ ಲೆಕ್ಕ ಬಿಟ್ಟು ಬೇರೆ ಮಾತೇ ಎತ್ತಲಿಲ್ಲ! ಪರೀಕ್ಷೆಯ ಹಿಂದಿನ ದಿನವೂ "ಚೆನ್ನಾಗಿ ನಿದ್ದೆ ಮಾಡಿ" ಅಂದನಷ್ಟೇ. ಆಮೇಲೆ ಸುದ್ದಿಯೇ ಇಲ್ಲ.

ಫಲಿತಾಂಶ ಬಂತು. ನೂರ ಮೂವತ್ತೆಂಟು! ಸೀಟು ಸಿಕ್ಕಿತು! ಅಣ್ಣ ಗಿರಾಕಿಯ ಮುಂದೆಯೇ ಕಣ್ಣೊರೆಸಿಕೊಂಡ. ಮೇಷ್ಟ್ರಿಂದ ಬಂದದ್ದು ಮಾತ್ರ "ಅಭಿನಂದನೆಗಳು" ಎಂಬ ಒಂದೇ ಪದದ ಮೆಸೇಜು.

ನಾಲ್ಕನೇ ದಿನ ಸೆಂಟರಿನಿಂದ ಕರೆ ಬಂತು. ಹೋದರೆ ಹೂಗುಚ್ಛ, ಕ್ಯಾಮೆರಾ, ಹೊಸದಾಗಿ ಸೇರಲು ಬಂದ ಅಪ್ಪ ಅಮ್ಮಂದಿರು. ಅವಳ ಫೋಟೋ ಹಾಕಿದ ಬ್ಯಾನರ್ ಆಗಲೇ ತಯಾರು: "ದೊಡ್ಡ ಗುರಿ ಕೊಟ್ಟೆವು, ಗೆಲ್ಲಿಸಿದೆವು!"

"ಎರಡು ಮಾತಾಡಮ್ಮ" ಎಂದರು ಪ್ರಿನ್ಸಿಪಾಲರು, ಹಲ್ಲು ಕಿರಿದು.

"ಆಡ್ತೀನಿ ಸಾರ್." ಅವಳು ಅಪ್ಪ ಅಮ್ಮಂದಿರ ಕಡೆ ತಿರುಗಿದಳು. "ಇವರ ದೊಡ್ಡ ಗುರಿ ನಂಬಿ ನಾನು ತೊಂಬತ್ತೈದಕ್ಕೆ ಬಿದ್ದೆ. ನನ್ನ ಪೇಪರನ್ನ ಸಾಲುಸಾಲಾಗಿ ಓದಿ, ಆಗೋ ಅಂಥ ಗುರಿ ಬರೆದುಕೊಟ್ಟವರು ಒಬ್ಬರೇ. ಅವರನ್ನ ಇವರು ಓಡಿಸಿದ್ರು! ನಿಮ್ಮ ಮಕ್ಕಳ ಪೇಪರ್ ಯಾರು ಓದ್ತಾರೆ ಅಂತ ಮೊದಲು ಕೇಳಿ, ಆಮೇಲೆ ಸೇರಿಸಿ."

ಹೂಗುಚ್ಛವನ್ನು ಅಲ್ಲೇ ಇಟ್ಟು, ಬ್ಯಾನರಿನಿಂದ ತನ್ನ ಮುಖವನ್ನು ಚರ್ರೆಂದು ಹರಿದುಕೊಂಡು ಹೊರಟಳು. ಅದೇ ಬಿಸಿಯಲ್ಲಿ ನೇರ ಡಿಪೋಗೆ!

"ಏನಾಯ್ತು?" ಅವನು ಗಾಬರಿಯಿಂದ ಎದ್ದ.

"ಏನೂ ಆಗ್ಲಿಲ್ಲ, ಅದೇ ನನ್ನ ತಕರಾರು! ನಾಲ್ಕು ತಿಂಗಳು ಪಕ್ಕದಲ್ಲಿ ಕೂತ್ರಿ. ನಿಮ್ಮ ಮನಸ್ಸಲ್ಲಿ ಏನೂ ಇಲ್ವಾ?"

ಅವನು ತಲೆ ತಗ್ಗಿಸಿದ. "ಪರೀಕ್ಷೆ ಮುಗೀಲಿ ಅಂತ ಕಾದೆ..."

"ಮುಗಿದು ತಿಂಗಳಾಯ್ತು!"

"ರಿಸಲ್ಟ್ ಬರ್ಲಿ ಅಂತ..."

"ಬಂದು ನಾಲ್ಕು ದಿನ ಆಯ್ತು!"

"ಈಗ ಹೇಳಿದ್ರೆ, ಹೇಳಿಕೊಟ್ಟಿದ್ದಕ್ಕೆ ಕೂಲಿ ಕೇಳಿದ ಹಾಗಾಗುತ್ತೆ ಅನ್ನಿಸ್ತು. ನೀವು ಉಪಕಾರಕ್ಕೆ ಹೂಂ ಅಂದುಬಿಟ್ರೆ? ಆ ಭಯ. ಮನಸ್ಸಲ್ಲಿ ಏನೂ ಇಲ್ಲ ಅಂದ್ಕೊಂಡ್ರಾ? ನೀವು ಬಾಗಿಲು ಬಡಿದು ಒಳಗೆ ಬಂದ ದಿನದಿಂದ ನೀವೇ ಇದ್ದೀರಿ."

ಅವಳ ಕಣ್ಣು ತುಂಬಿ ಹರಿಯಿತು. ಈ ಸಲ ಅಳುವಿಗೆ ನಾಚಲಿಲ್ಲ.

"ಉಪಕಾರಕ್ಕಂತೆ! ಅದಕ್ಕೆ ಥ್ಯಾಂಕ್ಸ್ ಅಂತ ಹೇಳಿ ಹೋಗ್ತಿದ್ದೆ. ನಾನು ಬಂದಿರೋದು ಸಿಟ್ಟಿಗೆ. ಇಷ್ಟು ಸಿಟ್ಟು ಬೇರೆ ಯಾರ ಮೇಲೂ ಬರಲ್ಲ ನಂಗೆ... ಗೊತ್ತಾಯ್ತಾ?"

ಅವನು ಮೆಲ್ಲಗೆ ಅವಳ ಕೈ ಹಿಡಿದ.

"ಸಿಟ್ಟು ಇಳಿದ ಮೇಲೆ ಹೊರಟುಬಿಡ್ತೀರಾ?"

ಅವಳು ಅವನ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಹೆದರ್ಬೇಡಿ... ಈ ಜನ್ಮದಲ್ಲಿ ಇಳಿಯಲ್ಲ."